ಮೆಣಸಿನಕಾಯಿಯ ವಲಸೆ: ದಾದರಿನಲ್ಲಿ ಬಿ.ಜಿ.ಎಲ್. ಸ್ವಾಮಿ

ಊರು ಬಿಟ್ಟು ಬಂದ ನಮ್ಮಂಥವರು ಸಾಂಬಾರ ಪದಾರ್ಥಗಳ ಬಗ್ಗೆ ಬರೆಯುವ ಲೇಖನಗಳಿಗೆ ಈಗ ಒಂದು ಅಚ್ಚು ಬಿದ್ದುಬಿಟ್ಟಿದೆ. ಅಜ್ಜಿ, ಅಜ್ಜಿಯ ಮಸಾಲೆ ಡಬ್ಬಿ, ಒಗ್ಗರಣೆಯ ಘಮ. ನೆಗಡಿಗೆ ಕಾಳುಮೆಣಸಿನ ಕಷಾಯ, ಗಾಯಕ್ಕೆ ಅರಿಸಿನ, ಹೊಟ್ಟೆನೋವಿಗೆ ಓಮ. ಕೊನೆಯಲ್ಲಿ, ಈ ನಗರದಲ್ಲಿ ಅದ್ಯಾವುದೂ ಇಲ್ಲವಲ್ಲ ಎಂಬ ನಿಟ್ಟುಸಿರು. ದಾದರಿನಲ್ಲಿ ಮನೆ ಮಾಡಿಕೊಂಡಿರುವ ನನಗೆ ಆ ನಿಟ್ಟುಸಿರೇ ಅರ್ಥವಾಗುವುದಿಲ್ಲ. ಸ್ಟೇಷನ್ನಿನ ಪಶ್ಚಿಮಕ್ಕಿಳಿದು ಹತ್ತು ನಿಮಿಷ ನಡೆದರೆ ಓಮ, ಜಾಯಿಪತ್ರೆ, ಬಜೆ, ಕೋಕಂ ಎಲ್ಲ ಸಿಗುತ್ತವೆ. ಅಜ್ಜಿಯ ಡಬ್ಬಿಯಲ್ಲಿ ಇಲ್ಲದ್ದೂ ಸಿಗುತ್ತದೆ. ಈ ಬರಹಗಳಲ್ಲಿ ಇಲ್ಲದಿರುವುದು ಪದಾರ್ಥವಲ್ಲ, ಕುತೂಹಲ.

ಆ ಕುತೂಹಲಕ್ಕಾಗಿ ನಾನು ಮತ್ತೆ ಮತ್ತೆ ಹೋಗುವುದು ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಪುಸ್ತಕಕ್ಕೆ. ಸ್ವಾಮಿಯವರೂ ವಲಸಿಗರೇ. ಡಿ.ವಿ. ಗುಂಡಪ್ಪನವರ ಮಗ, ಬದುಕಿನ ಬಹುಭಾಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ‘ಹಸುರು ಹೊನ್ನು’ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು; ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವ ಆ ಪುಸ್ತಕವನ್ನು ಎಲ್ಲರೂ ಓದಿರುತ್ತಾರೆ. ಹೊಟ್ಟೆಯ ಪುಸ್ತಕವನ್ನು ಓದಿದವರು ಕಡಿಮೆ. ಅದರ ಮೂಲ ಚೇಷ್ಟೆ ಶೀರ್ಷಿಕೆಯಲ್ಲೇ ಇದೆ: ಊಟಕ್ಕೆ ಕೂತಾಗ ಯಾವುದನ್ನು ನಾವು ‘ನಮ್ಮದು’ ಎಂದು ಬಾಯಿ ಚಪ್ಪರಿಸುತ್ತೇವೋ ಅದರಲ್ಲಿ ಎಷ್ಟೋ ಹಡಗು ಹತ್ತಿ ಬಂದದ್ದು. ಭೂಗೋಳದ ಮಟ್ಟಿಗೆ ಶೀರ್ಷಿಕೆ ಕೊಂಚ ಸಡಿಲವೇ ಅನ್ನಿ. ಬ್ಯಾಡಗಿ ಸೇರುವ ಮೆಣಸಿನಕಾಯಿಯ ಜಾತಿಯನ್ನು ಮೊದಲು ಬೇಸಾಯಕ್ಕೆ ಪಳಗಿಸಿದ್ದು ಮೆಕ್ಸಿಕೊದಲ್ಲಿ. ಆದರೆ ‘ನಮ್ಮ ಹೊಟ್ಟೆಯಲ್ಲಿ ಮೆಕ್ಸಿಕೊ’ ಎಂದಿದ್ದರೆ ಅಷ್ಟು ನಗು ಬರುತ್ತಿರಲಿಲ್ಲ.

ಸಸ್ಯಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ಇದು ಯಾವ ರೋಗಕ್ಕೆ ಮದ್ದು?’ ಎಂದು ಶುರುಮಾಡುತ್ತಾರೆ. ಸ್ವಾಮಿ ಕೇಳುವುದು ‘ಇದು ಯಾರು, ಎಲ್ಲಿಂದ ಬಂತು?’ ಎಂದು. ಮೊದಲನೆಯ ಪ್ರಶ್ನೆಗೆ ಉತ್ತರವಾಗಿ ಪಟ್ಟಿ ಬರುತ್ತದೆ, ಎರಡನೆಯದಕ್ಕೆ ಕತೆ.

ಈ ಕತೆಯನ್ನು ಮುಂದುವರಿಸಲು ಭಾಷೆಯೊಳಗೇ ಸಾಕಷ್ಟು ಸಾಮಗ್ರಿ ಇದೆ. ಕನ್ನಡದಲ್ಲಿ ಮೆಣಸು ಎಂದರೆ ಮೊದಲು ಪಶ್ಚಿಮಘಟ್ಟದ ಬಳ್ಳಿಯ ಕಪ್ಪು ಕಾಳು. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದ ಕೆಂಪು ಕಾಯಿ ಆ ಹೆಸರನ್ನೇ ಹೊದ್ದುಕೊಂಡು ಮೆಣಸಿನಕಾಯಿಯಾಯಿತು. ಮರಾಠಿಯಲ್ಲೂ ಇದೇ ಪಾಡು, ಮಿರಿ ಮತ್ತು ಮಿರ್ಚಿ. ನಮ್ಮ ಪುತ್ತೂರಿನ ಕಡೆಯಂತೂ ಬರಿದೆ ‘ಮೆಣಸು’ ಎಂದರೆ ಈಗ ಕೆಂಪುಮೆಣಸೇ. ಹಳೆಯ ಕರಿಯ ಕಾಳಿಗೆ ‘ಒಳ್ಳೆಮೆಣಸು’ ಎನ್ನಬೇಕು. ಬಂದವನು ಹೆಸರನ್ನು ತೆಗೆದುಕೊಂಡ, ಮನೆಯವನು ತನ್ನ ಹೆಸರಿಗೆ ಮುಂದೊಂದು ವಿಶೇಷಣ ಹಚ್ಚಿಕೊಂಡು ಬದುಕಬೇಕಾಯಿತು. ಆ ‘ಒಳ್ಳೆ’ ಎಂಬ ಪದದಲ್ಲಿರುವ ಸಣ್ಣ ಮುನಿಸನ್ನು ಯಾವ ನಿಘಂಟೂ ಕೊಡುವುದಿಲ್ಲ.

ಮುನಿಸು ತಿಥಿಯ ದಿನ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಕಡೆಯ ಅನೇಕ ಬ್ರಾಹ್ಮಣ ಮನೆಗಳ ಶ್ರಾದ್ಧದಡುಗೆಯಲ್ಲಿ ಮೆಣಸಿನಕಾಯಿ ಇಲ್ಲ, ಒಳ್ಳೆಮೆಣಸು, ಜೀರಿಗೆ ಉಂಟು. ಟೊಮೇಟೊ, ಆಲೂಗಡ್ಡೆ, ಕೋಸು ಇಲ್ಲ. ಬಾಳೆಕಾಯಿ, ಹಾಗಲಕಾಯಿ, ಸುವರ್ಣಗೆಡ್ಡೆ ಉಂಟು. ಪಿತೃಗಳು ತಿನ್ನದೆ ಹೋದದ್ದನ್ನು ಅವರಿಗೆ ಬಡಿಸುವುದಿಲ್ಲ ಎಂಬಂತಿದೆ ವ್ಯವಸ್ಥೆ. ನಾನೂರು ವರ್ಷ ದಾಟಿದರೂ ಅಡುಗೆಮನೆ ಯಾರು ಯಾವಾಗ ಬಂದರೆಂಬ ಲೆಕ್ಕವನ್ನು ಬಿಟ್ಟಿಲ್ಲ. ಆದರೆ ಲೆಕ್ಕ ನೇರವೂ ಅಲ್ಲ. ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರುವ ಇಂಗು ಮಡಿ ಅಡುಗೆಯ ಸಾರಿಗೆ ಸಲೀಸಾಗಿ ಬೀಳುತ್ತದೆ. ಭಾರತದಲ್ಲಿ ಅದನ್ನು ಬೆಳೆಸುವ ಪ್ರಯತ್ನ ಹಿಮಾಚಲದ ಲಾಹೌಲಿನಲ್ಲಿ ಶುರುವಾದದ್ದೇ 2020ರಲ್ಲಿ. ಯಾವ ಪರದೇಶಿಗೆ ಪೀಠ, ಯಾವ ಪರದೇಶಿಗೆ ಹೊರಜಗಲಿ? ಸ್ವಾಮಿಯವರ ಬಗ್ಗೆ ನನ್ನ ಒಂದೇ ತಕರಾರು ಇಲ್ಲಿದೆ. ಅವರ ಕಣ್ಣು ಗಿಡದ ಮೇಲೆ. ಹೊಟ್ಟೆಯ ಹೆಸರು ಹೇಳಿದರೂ ಗಿಡಕ್ಕೆ ಕೊಟ್ಟಷ್ಟು ಹೊತ್ತನ್ನು ಒಲೆಯ ಮುಂದಿನವರಿಗೆ ಕೊಡುವುದಿಲ್ಲ. ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ, ಒಪ್ಪಲು ಎಷ್ಟು ಕಾಲ ಬೇಕಾಯಿತು ಎನ್ನುವುದು ಸಸ್ಯಶಾಸ್ತ್ರದಷ್ಟೇ ರುಚಿಯಾದ ವಿಷಯ.

ದಾದರಿನಲ್ಲಿ ಕೂತು ಇದನ್ನೆಲ್ಲ ಓದುವುದಕ್ಕೆ ಬೇರೆಯದೇ ಖಾರವಿದೆ. 1966ರ ಅಕ್ಟೋಬರಿನಲ್ಲಿ ಶಿವಸೇನೆಯ ಮೊದಲ ದೊಡ್ಡ ಸಭೆ ನಡೆದದ್ದು ಇಲ್ಲಿಯ ಶಿವಾಜಿ ಪಾರ್ಕಿನಲ್ಲಿ. ಆ ವರ್ಷಗಳ ಕೂಗು ದಕ್ಷಿಣದಿಂದ ಬಂದ ಗುಮಾಸ್ತರ, ಹೋಟೆಲಿನವರ ವಿರುದ್ಧ. ಶಿವಾಜಿ ಪಾರ್ಕಿನಿಂದ ನಡೆದು ಹೋಗುವಷ್ಟು ದೂರದ ಬಸ್‌ಸ್ಟಾಪಿನ ಹೆಸರು ಪೋರ್ಚುಗೀಸ್ ಚರ್ಚ್. ಅತ್ತ ದಕ್ಷಿಣಕ್ಕೆ ಲಾಲ್‌ಬಾಗ್. ಬೇಸಿಗೆಯಲ್ಲಿ ವರ್ಷದ ಮಸಾಲೆ ಕುಟ್ಟಿಸಲು ಜನ ಅಲ್ಲಿಯ ಮೆಣಸಿನ ಗಲ್ಲಿಗೆ ಬರುತ್ತಾರೆ. ಮಾಲ್ವಣಿ ಮಸಾಲೆಗೆ ಬಣ್ಣ ಬರಬೇಕಾದರೆ ಬ್ಯಾಡಗಿ, ಖಾರ ಬೇಕಾದರೆ ಸಂಕೇಶ್ವರಿ. ಒಂದು ಹಾವೇರಿ ಜಿಲ್ಲೆಯ ಹೆಸರು, ಇನ್ನೊಂದು ಬೆಳಗಾವಿ ಜಿಲ್ಲೆಯದು. ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿತು. ಅಮೆರಿಕದ ಗಿಡ, ಪೋರ್ಚುಗೀಸ್ ಹಡಗು, ಕನ್ನಡದ ಹೊಲ, ಮರಾಠಿ ಮಸಾಲೆ. ಮಣ್ಣಿನ ಮಗ ಯಾರು ಎಂದು ಡಂಕದ ಮುಂದೆ ನಿಂತು ಕೇಳಿದರೆ ಉತ್ತರವಾಗಿ ಸೀನು ಬರುತ್ತದೆ.

ನಾವೂ ಕಡಿಮೆಯಿಲ್ಲ. ಪುನರ್ಪುಳಿ ಮಂಗಳೂರಿನದೇ ಎಂದು ನಮ್ಮವರೇ ಬರೆದದ್ದನ್ನು ಓದಿದ್ದೇನೆ. ಉತ್ತರ ಕನ್ನಡದವರು ಅದನ್ನು ಮುರುಗಲು ಎನ್ನುತ್ತಾರೆ, ರತ್ನಾಗಿರಿಯವರು ರಾತಾಂಬ ಎನ್ನುತ್ತಾರೆ, ಒಣಗಿದ ಸಿಪ್ಪೆ ದಾದರಿನಲ್ಲಿ ಆಮಸೂಲ್. ಬೀಜದಿಂದ ತೆಗೆದ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುವುದು ಕೊಂಕಣದಲ್ಲೂ ಉಂಟು, ನಮ್ಮಲ್ಲೂ ಉಂಟು. ಮರಕ್ಕೆ ಗಡಿ ಗೊತ್ತಿಲ್ಲ.

ಇಷ್ಟೇ ಆಗಿದ್ದರೆ ಅಜ್ಜಿ ಲೇಖನಗಳನ್ನು ನಕ್ಕು ಬಿಡಬಹುದಿತ್ತು. ಆದರೆ ‘ಪಾರಂಪರಿಕ ಉಪಯೋಗ’ ಎಂಬ ಮಾತಿಗೆ ಹಣದ ಬೆಲೆಯೂ ಇದೆ. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ಸಂಶೋಧಕರಿಬ್ಬರೂ ಭಾರತೀಯ ಮೂಲದವರು, ಅಂದರೆ ಅವರಿಗೂ ಒಬ್ಬೊಬ್ಬ ಅಜ್ಜಿ ಇದ್ದಿರಬೇಕು. ನಮ್ಮ ಸಿಎಸ್‌ಐಆರ್ ಸವಾಲು ಹಾಕಿ 1997ರಲ್ಲಿ ಅದನ್ನು ರದ್ದುಮಾಡಿಸಿತು. ‘ಅನಾದಿಕಾಲದಿಂದ ನಮ್ಮಲ್ಲಿ ಮಾಡುತ್ತಾರೆ’ ಎಂಬ ಮಾತಿನ ಬಲದಿಂದಲ್ಲ. ಹಳೆಯ ಸಂಸ್ಕೃತ ಗ್ರಂಥ, 1953ರ ಒಂದು ವೈದ್ಯಕೀಯ ಪತ್ರಿಕೆಯ ಲೇಖನ ಮುಂತಾದ ಅಚ್ಚಾದ ದಾಖಲೆಗಳನ್ನು ಮುಂದಿಟ್ಟು. ಯಾರೋ ಸರಿಯಾಗಿ ಬರೆದಿಟ್ಟಿದ್ದರಿಂದ ಅರಿಸಿನ ಉಳಿಯಿತು.

ಉಪ್ಪಾಗೆಯ ಕತೆ ಇದರ ತಿರುವುಮುರುವು. ಶಿರಸಿ, ಸಿದ್ದಾಪುರದ ಕಾಡಿನ ಆ ಹುಳಿಕಾಯಿಯ ಸಿಪ್ಪೆಯಿಂದ ತೆಗೆದ ಸತ್ವ ಬೊಜ್ಜು ಕರಗಿಸುತ್ತದೆ ಎಂದು 1990ರ ದಶಕದಲ್ಲಿ ಪರದೇಶದಲ್ಲಿ ಸುದ್ದಿಯಾಯಿತು. ಬೆಲೆ ಏರಿತು; ಕಾಯಿ ಬಲಿಯುವ ಮೊದಲೇ ಕೊಯ್ದರು, ಕೈಗೆಟುಕದಿದ್ದರೆ ಕೊಂಬೆಯನ್ನೇ ಕಡಿದರು. 1998ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ 135 ಜನರನ್ನು ಹನ್ನೆರಡು ವಾರ ಪರೀಕ್ಷಿಸಿದ್ದರು. ಸತ್ವ ತಿಂದವರು ಹುಸಿಗುಳಿಗೆ ತಿಂದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಉಪ್ಪಾಗೆಯ ತವರಿನಲ್ಲಿ ಅದು ಸಾರಿನ ಹುಳಿ, ಬೀಜದಲ್ಲಿ ತುಪ್ಪ. ಆ ಉಪಯೋಗಗಳನ್ನು ಬಿಟ್ಟು, ಇಲ್ಲದ ಗುಣವನ್ನು ‘ಪಾರಂಪರಿಕ’ ಎಂಬ ಚೀಟಿ ಅಂಟಿಸಿ ಮಾರಿದ್ದಕ್ಕೆ ತೆತ್ತದ್ದು ಮರ. ಔಷಧ ತಯಾರಿಸುವ ಕಡೆ ಕೆಲಸ ಮಾಡುವ ನನಗೆ ಈ ಚೀಟಿ ದಿನವೂ ಕಾಣಸಿಗುತ್ತದೆ, ಅದನ್ನು ಬರೆಯುವ ಕೈಗೆ ನಮ್ಮ ಲೇಖನಗಳೂ ಶಾಯಿ ಒದಗಿಸುತ್ತವೆ.

ಮುಂಬಯಿ ಕನ್ನಡಕ್ಕೆ ಇನ್ನೊಂದು ವಿಚಿತ್ರ ಭಾಗ್ಯವಿದೆ. ಯಶವಂತ ಚಿತ್ತಾಲರು ಪಾಲಿಮರ್ ತಜ್ಞ. ಜಯಂತ ಕಾಯ್ಕಿಣಿ ಬಯೊಕೆಮಿಸ್ಟ್ರಿ ಓದಿ ಇಲ್ಲಿಯ ಔಷಧ ಕಂಪನಿಯಲ್ಲಿದ್ದವರು. ಇಬ್ಬರೂ ಕಾರವಾರದ ಕರಾವಳಿಯಿಂದ ಬಂದವರು. ಪ್ರಯೋಗಶಾಲೆಯ ಶಿಸ್ತು ಇದ್ದವರೇ ಈ ನಗರದ ಒಳ್ಳೆಯ ಕನ್ನಡ ಗದ್ಯ ಬರೆದಿರುವಾಗ, ಗಿಡಮೂಲಿಕೆಯ ಹೆಸರು ಬಂದೊಡನೆ ನಮ್ಮ ಗದ್ಯ ಯಾಕೆ ಕಣ್ಣು ಮುಚ್ಚಿ ಕೈ ಮುಗಿಯುತ್ತದೆ?

ನನಗೆ ಓದಬೇಕೆನಿಸುವ ಲೇಖನ ಬೇರೆ. ಬ್ಯಾಡಗಿಯ ಸಂತೆಯಿಂದ ಹೊರಟ ಚೀಲ ಲಾಲ್‌ಬಾಗಿಗೆ ಬರುವವರೆಗೆ ಎಷ್ಟು ಕೈ ದಾಟುತ್ತದೆ, ತೊಟ್ಟು ಬಿಡಿಸುವ ಹೆಂಗಸರಿಗೆ ಕಿಲೋಕ್ಕೆ ಎಷ್ಟು ಕೊಡುತ್ತಾರೆ, ಸಂಜೆ ಮನೆಗೆ ಹೋಗಿ ಉರಿಯುವ ಬೆರಳಿಗೆ ಅವರು ಏನು ಹಚ್ಚಿಕೊಳ್ಳುತ್ತಾರೆ, ಡಂಕದವನು ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಯಾಕೆ ಕೆಮ್ಮುತ್ತಾನೆ. ಆ ಬೆರಳಿಗೆ ಹಚ್ಚುವುದೂ ಪಾರಂಪರಿಕ ಉಪಯೋಗವೇ ತಾನೇ? ಯಾರಾದರೂ ಹೋಗಿ ಕೇಳಿ ಬರೆಯಿರಿ. ಅಜ್ಜಿ ಬೇಕಿದ್ದರೆ ಇರಲಿ, ಅವರು ಮೆಣಸಿನಕಾಯಿಯನ್ನು ಯಾವ ಅಂಗಡಿಯಿಂದ ತರಿಸುತ್ತಿದ್ದರು ಎಂಬುದನ್ನೂ ಸೇರಿಸಿ.