ಹೊಸ ಕಾಕ್ನಿ: ಸ್ವರ ಯಾರದು, ಊರು ಯಾರದು?

ಲಂಡನ್ನಿನ ಸೇಂಟ್ ಮೇರಿ-ಲಿ-ಬೋ ಚರ್ಚಿನ ಗಂಟೆ ಕೇಳಿಸುವಷ್ಟು ಸಮೀಪದಲ್ಲಿ ಹುಟ್ಟಿದವನೇ ನಿಜವಾದ ಕಾಕ್ನಿ ಎಂಬುದು ಹಳೆಯ ಮಾತು. ಪೂರ್ವ ಲಂಡನ್ನಿನ ದುಡಿಯುವ ಜನರ ಇಂಗ್ಲಿಷಿಗೂ ಅದೇ ಹೆಸರು. ಬಾಂಗ್ಲಾದೇಶದ ಸಿಲ್ಹೆಟ್ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದವರ ಮಕ್ಕಳಿಗೂ ಆ ಹೆಸರು ಸಲ್ಲುತ್ತದೆಯೆ? ಸೂ ಫಾಕ್ಸ್ ಎಂಬ ಭಾಷಾವಿಜ್ಞಾನಿ 2015ರಲ್ಲಿ ಪ್ರಕಟಿಸಿದ ‘ದಿ ನ್ಯೂ ಕಾಕ್ನಿ’ ಪುಸ್ತಕವನ್ನು ಓದುವಾಗ ನಮ್ಮನ್ನು ಕಾಡಿದ ಪ್ರಶ್ನೆ ಇದು. ಊರು ಬಿಟ್ಟು ಬಂದ ನಮಗೆ ಇದು ಪರರ ಮನೆಯ ಸುದ್ದಿ ಎನಿಸಲಿಲ್ಲ.

ಲೇಖಕಿ ಅಲ್ಲಿನ ಒಂದು ಯುವಕೇಂದ್ರದಲ್ಲಿ ಹದಿಹರೆಯದವರೊಡನೆ ಬೆರೆತು, ಅವರ ಮಾತನ್ನು ಧ್ವನಿಮುದ್ರಿಸಿ, ‘ಫೇಸ್’, ‘ಪ್ರೈಸ್’ ಮೊದಲಾದ ಪದಗಳ ಸ್ವರಗಳನ್ನು ಪರೀಕ್ಷಿಸಿದ್ದಾರೆ. ಹಳೆಯ ಕಾಕ್ನಿಯಲ್ಲಿ ‘ಫೇಸ್’ ಎಂಬುದು ‘ಫೈಸ್’ ಎಂದೂ, ‘ಪ್ರೈಸ್’ ಎಂಬುದು ‘ಪ್ರೊಯ್ಸ್’ ಎಂದೂ ನಮ್ಮ ಕಿವಿಗೆ ಬೀಳುತ್ತದೆ. ಬಾಂಗ್ಲಾ ಮೂಲದ ಹುಡುಗರ ಬಾಯಲ್ಲಿ ಅಷ್ಟು ಎಳೆತವಿಲ್ಲ. ಸೋಜಿಗವೆಂದರೆ, ಇವರ ಗೆಳೆತನ ಬೆಳೆಸಿದ ಬಿಳಿಯ ಹುಡುಗರೂ ಅದೇ ಸ್ವರದ ಕಡೆಗೆ ವಾಲಿದ್ದಾರೆ. ಇವರೊಡನೆ ಅಷ್ಟಾಗಿ ಬೆರೆಯದ ಬಿಳಿಯ ಹುಡುಗಿಯರಲ್ಲಿ ಈ ಬದಲಾವಣೆ ಕಡಿಮೆ. ಸ್ವರವು ರಕ್ತದ ಹಿಂದೆ ಹೋಗದೆ ಗೆಳೆತನದ ಹಿಂದೆ ಹೋಗಿದೆ. ಇದೇ ಪುಸ್ತಕದ ತಿರುಳು.

ನಮ್ಮ ಆಕ್ಷೇಪಣೆಗಳಿಲ್ಲದೆ ಇಲ್ಲ. ಒಂದೇ ಯುವಕೇಂದ್ರದ ಮಾತಿಗೆ ಇಷ್ಟು ದೊಡ್ಡ ಹೆಸರು ಭಾರವಾಯಿತೇನೋ. ಕೋಷ್ಟಕಗಳನ್ನು ಬಿ.ಎಸ್ಸಿ. ಓದಿದ ನಾವೂ ಎರಡೆರಡು ಸಲ ತಿರುವಿ ನೋಡಬೇಕಾಯಿತು. ಸ್ವರವೇ ಬದಲಾದ ಮೇಲೆ ‘ಕಾಕ್ನಿ’ ಎಂಬ ಹೆಸರೇಕೆ ಎಂದೂ ಮೊದಲು ಅನ್ನಿಸಿತ್ತು. ಆದರೆ ಅದೇ ಪ್ರದೇಶದ ಬ್ರಿಕ್ ಲೇನಿನ ಮಸೀದಿಯನ್ನು ನೆನೆದಾಗ ಆ ಸಂಶಯ ಕರಗಿತು. 1743ರಲ್ಲಿ ಅದು ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರ ಪ್ರಾರ್ಥನಾಮಂದಿರ, 1898ರಲ್ಲಿ ಯಹೂದ್ಯರದು, 1976ರಿಂದ ಮಸೀದಿ. ಬಂದವರೆಲ್ಲರೂ ಸೇರಿಯೇ ಆ ಊರು ಆಗಿದೆ.

ಇನ್ನು ನಮ್ಮ ಮನೆಯ ಮಾತು. ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘ ಭೇದ ಕನ್ನಡದಲ್ಲಿ ಅರ್ಥವನ್ನೇ ಬದಲಿಸುತ್ತದೆ. ಮರಾಠಿ, ಹಿಂದಿಗಳಲ್ಲಿ ಹಾಗಿಲ್ಲ. ಮುಂಬಯಿಯಲ್ಲಿ ಬೆಳೆದ ನಮ್ಮ ಮಗ ಒಮ್ಮೆ ಫೋನಿನಲ್ಲಿ, “ಅಜ್ಜಾ, ಈ ಸಲ ಬೇಳೆ ಹೇಗಿದೆ?” ಎಂದು ಕೇಳಿದ. ಅಜ್ಜನವರು ನಗುತ್ತ, “ಚೆನ್ನಾಗಿ ಬೆಂದಿದೆ ಮಗಾ” ಎಂದರು. ಅವನು ಕೇಳಿದ್ದು ಹೊಲದ ಬೆಳೆಯನ್ನು. ಅವರು ನಕ್ಕು ಬಿಟ್ಟರು. ನಾವು ಬಿಡಲಿಲ್ಲ, ಎಲ್ಲರೆದುರು ತಿದ್ದಿದೆವು. ಅಂದಿನಿಂದ ಅಜ್ಜನ ಫೋನ್ ಬಂದರೆ ಅವನು ಒಳಕೋಣೆಗೆ ಸರಿಯುತ್ತಾನೆ. ಸ್ವರ ತಿದ್ದಲು ಹೋಗಿ ಮಾತನ್ನೇ ಕಳೆದುಕೊಂಡೆವು.

ಪುಸ್ತಕ ನಮಗೆ ಕಲಿಸಿದ ಪಾಠ ಇಷ್ಟೆ: ಹದಿಹರೆಯದವರು ಸ್ವರವನ್ನು ಅಪ್ಪನ ಗದರಿಕೆಯಿಂದ ಕಲಿಯುವುದಿಲ್ಲ, ಜೊತೆಗಾರರಿಂದ ಕಲಿಯುತ್ತಾರೆ. ಸಂಘದಲ್ಲಿ ಕನ್ನಡದ ಪಾಠಗಳಾಗಲಿ, ಭಾಷಣಗಳಾಗಲಿ. ಅದರೊಡನೆ ನಮ್ಮ ಮಕ್ಕಳು ಕನ್ನಡದಲ್ಲೇ ಜಗಳವಾಡುತ್ತ ಆಡಲು ಒಂದು ಸಂಜೆಯೂ ಇರಲಿ. ಆಗ ಬೇಳೆ ಬೇಳೆಯಾದೀತು, ಬೆಳೆ ಬೆಳೆಯಾದೀತು. ಆಗದಿದ್ದರೂ, ಅಜ್ಜನಿಗೆ ಮೊಮ್ಮಗನ ದನಿಯಾದರೂ ಕೇಳಿಸೀತು.