‘ನೀವು’ ‘ನೀನು’ ಆಗುವ ಹೊತ್ತು

ನಮ್ಮ ಸಿನಿಮಾಗಳ ಹಾಡು-ಕುಣಿತವನ್ನು ಗೇಲಿ ಮಾಡುವುದು ಓದಿದವರ ಹಳೆಯ ಚಾಳಿ. ಮರ ಸುತ್ತುವುದು, ಮಳೆಯಲ್ಲಿ ನೆನೆಯುವುದು, ಎಲ್ಲಿಂದಲೋ ಬಂದ ಹತ್ತಾರು ಜನ ಹಿಂದೆ ನಿಂತು ಸೊಂಟ ಬಳುಕಿಸುವುದು ನಗೆ ಬರಿಸುವಂಥವೇ, ನಿಜ. ಆದರೆ ನಗುವ ಭರದಲ್ಲಿ ಒಂದು ಸಣ್ಣ ಸಂಗತಿ ನಮ್ಮ ಕಿವಿಗೆ ಬಿದ್ದಿಲ್ಲ. ಹಳೆಯ ಕನ್ನಡ ಚಿತ್ರಗಳ ನಾಯಕಿ ಮಾತಿನಲ್ಲಿ ನಾಯಕನನ್ನು ಸಾಮಾನ್ಯವಾಗಿ ‘ನೀವು’ ಎನ್ನುತ್ತಾಳೆ. ಮದುವೆಯಾದ ಮೇಲಂತೂ ‘ರೀ’. ಹಾಡು ಶುರುವಾದದ್ದೇ ತಡ, ಅದೇ ಹೆಣ್ಣು ‘ನೀನು’ ಎನ್ನುತ್ತಾಳೆ. ಹಾಡು ಮುಗಿದರೆ ಮತ್ತೆ ‘ನೀವು’.

ಇದು ಛಂದಸ್ಸಿನ ಅನುಕೂಲ ಮಾತ್ರವಲ್ಲ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ಕರೆದದ್ದೂ ಏಕವಚನದಲ್ಲೇ. ಮನೆಯ ಗಂಡನಿಗೆ ಬಹುವಚನ, ದೇವರಾದ ಗಂಡನಿಗೆ ಏಕವಚನ! ಮನೆಯಲ್ಲಿ ಸಲ್ಲದ ಸಲಿಗೆಗೆ ಕನ್ನಡದ ಹೆಣ್ಣು ಹಿಂದಿನಿಂದಲೂ ಹಾಡಿನಲ್ಲಿ ಜಾಗ ಕಂಡುಕೊಂಡಿದ್ದಾಳೆ. ಸಿನಿಮಾ ಆ ಜಾಗವನ್ನು ಹಾಗೆಯೇ ಉಳಿಸಿಕೊಂಡಿತು.

ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ (1967) ನೋಡಿ. ತ್ರಿವೇಣಿಯವರ ಕಾದಂಬರಿಯ ಇಂದಿರೆಗೆ ಅಲ್ಲಿ ಒಲವೂ ಹಾಡಾಗಿ ಒದಗುತ್ತದೆ, ಒಡೆದ ಒಲವೂ ಹಾಡಾಗಿ ಒದಗುತ್ತದೆ. ಆಸ್ತಿಯ ಲೆಕ್ಕ ಹಾಕಿ ಬಿಟ್ಟುಹೋದವನು ಕೊನೆಗೆ ಮತ್ತೆ ಅವಳನ್ನು ಬಯಸಿದಾಗ ಅವಳು ಒಪ್ಪುವುದಿಲ್ಲ. ತನ್ನ ಮನಸ್ಸನ್ನು ಒಮ್ಮೆ ಬಾಯಿಬಿಟ್ಟು ಹಾಡಿಕೊಂಡವಳಿಗೆ ಬೇಡವೆನ್ನುವ ಗಟ್ಟಿತನವೂ ಬರುತ್ತದೆ ಎಂದು ನನಗೆ ಅನ್ನಿಸುತ್ತದೆ.

ಕುಣಿತದ ಕತೆ ಇಷ್ಟು ಸರಳವಲ್ಲ. ಆ ಕಾಲದ ನಾಯಕಿ ಹಾಡಿದರೂ ಮೈಯನ್ನು ಅಂಕೆಯಲ್ಲಿಡಬೇಕಿತ್ತು. ಮೈಯ ಬಯಕೆಯನ್ನು ತೋರಿಸುವ ಕೆಲಸ ಕ್ಯಾಬರೆಯವಳದು. ಜ್ಯೋತಿಲಕ್ಷ್ಮಿ, ಜಯಮಾಲಿನಿಯವರು ದಕ್ಷಿಣದ ಎಷ್ಟೋ ಚಿತ್ರಗಳಲ್ಲಿ ಈ ಹೊರೆ ಹೊತ್ತರು. ಮನಸ್ಸು ಒಬ್ಬಳಿಗೆ, ಮೈ ಇನ್ನೊಬ್ಬಳಿಗೆ ಎಂಬ ಪಾಲುಪಟ್ಟಿ ಅದು. ಮುಂದೆ ಆ ಕುಣಿತ ನಾಯಕಿಯ ಪಾಲಿಗೇ ಬಂದಾಗ ಅವಳಿಗೆ ಮೈ ಬಂತೇನೋ ಸರಿ, ಆದರೆ ಕ್ಯಾಮೆರಾ ಅದನ್ನು ಸೊಂಟ, ಬೆನ್ನು ಎಂದು ತುಂಡು ಮಾಡಿ ನೋಡತೊಡಗಿತು. ಅವಳ ಬಯಕೆ ನೋಡುವವನ ಬಯಕೆಯಾಯಿತು.

ರವಿಚಂದ್ರನ್ನರ ‘ಪ್ರೇಮಲೋಕ’ (1987) ಹಾಡನ್ನು ಕಾಲೇಜಿನ ಅಂಗಳಕ್ಕೆ ಇಳಿಸಿತು. ಹಂಸಲೇಖ ಬೀದಿಯ ಮಾತಿಗೇ ರಾಗ ಕಟ್ಟಿದ್ದರಿಂದ ಜಗಳ, ಚುಡಾಯಿಸುವಿಕೆ, ಸವಾಲು ಎಲ್ಲವೂ ಹಾಡಾದವು. ‘ಮುಂಗಾರು ಮಳೆ’ಯಲ್ಲಿ (2006) ಬೇರೊಬ್ಬನೊಡನೆ ಮದುವೆ ಗೊತ್ತಾದ ನಂದಿನಿಯ ತೊಯ್ದಾಟವೂ ಹಾಡಾಗಿಯೇ ಹೊರಬರುತ್ತದೆ. ನಾಡಿಗೆಲ್ಲ ಬಾಯಿಪಾಠವಾದದ್ದು ಮಾತ್ರ ಜಯಂತ ಕಾಯ್ಕಿಣಿ ಬರೆದು ಸೋನು ನಿಗಮ್ ಹಾಡಿದ ನಾಯಕನ ಹಾಡು.

ಈಚಿನ ಅನೇಕ ಚಿತ್ರಗಳಲ್ಲಿ ಹಾಡು ಪಾತ್ರಗಳ ತುಟಿಯಿಂದ ಜಾರಿ ಹಿನ್ನೆಲೆಗೆ ಸರಿದಿದೆ. ಪ್ರೇಮಿಗಳು ಸುಮ್ಮನೆ ನಡೆಯುತ್ತಾರೆ, ಬೈಕಿನಲ್ಲಿ ಹೋಗುತ್ತಾರೆ. ಅವರ ಪರವಾಗಿ ಯಾರೋ ಹಾಡುತ್ತಾರೆ. ಇದು ಹೆಚ್ಚು ನೈಜ ಎನ್ನುವವರಿದ್ದಾರೆ. ಇರಬಹುದು. ನಾಯಕಿ ಈಗ ಮಾತಿನಲ್ಲೇ ‘ನೀನು’ ಎನ್ನುವಷ್ಟು ಬೆಳೆದಿದ್ದರೆ ಹಾಡು ಹೋದರೂ ನಷ್ಟವಿಲ್ಲ. ಹಾಡೂ ಇಲ್ಲ, ಮಾತೂ ಇಲ್ಲ, ಬರೀ ಮುಗುಳ್ನಗೆ ಎಂದಾದರೆ, ಆ ಮರ ಸುತ್ತುವ ಹಾಡುಗಳೇ ಅವಳನ್ನು ಹೆಚ್ಚು ಗೌರವದಿಂದ ಕಂಡಿದ್ದವು ಎನ್ನಬೇಕಾಗುತ್ತದೆ.