ಸಣ್ಣ ಗಾಡಿಯ ಹಣೆಬರಹ ಬರೆದವರು ಯಾರು?

ರಾಣೆಬೆನ್ನೂರಿನಿಂದ ದೇವರಗುಡ್ಡಕ್ಕೆ ಹೋಗುವ ದಾರಿಯಲ್ಲಾಗಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಾಗಲಿ ಸಣ್ಣ ಗೂಡ್ಸ್ ಗಾಡಿ ಕಾಣದ ದಿನವಿಲ್ಲ. ಅಮೆರಿಕದಲ್ಲಿ ಅಂಥ ಸಣ್ಣ ಪಿಕಪ್ ಅಪರೂಪ. ಕಾರಣ ಕೇಳಿದರೆ ಸಿಗುವ ಉತ್ತರ ಒಂದೇ: ಅವರು ಉಳ್ಳವರು, ಅವರಿಗೆ ದೊಡ್ಡದೇ ಬೇಕು, ನಾವು ಇಲ್ಲದವರು, ಸಣ್ಣದರಲ್ಲೇ ಸುಧಾರಿಸುತ್ತೇವೆ. ಈ ಮಾತು ಎರಡೂ ಕಡೆ ಅರ್ಧಸತ್ಯ.

ಅಮೆರಿಕದ ಕಥೆ ಶುರುವಾಗುವುದು ಕೋಳಿಯಿಂದ. ಅಲ್ಲಿನ ಕೋಳಿಮಾಂಸದ ಮೇಲೆ ಯುರೋಪಿನ ದೇಶಗಳು ಸುಂಕ ಏರಿಸಿದ್ದಕ್ಕೆ ಪ್ರತಿಯಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರಿನಲ್ಲಿ ಹೊರದೇಶದ ಲಘು ಟ್ರಕ್ಕುಗಳ ಮೇಲೆ ಶೇ 25ರಷ್ಟು ಸುಂಕ ಹೇರಿದರು. ಕೋಳಿ ಜಗಳ ಮುಗಿಯಿತು, ಸುಂಕ ಉಳಿಯಿತು. ಸಣ್ಣ ಪಿಕಪ್ ಗಿರಾಕಿಗೆ ಬೇಡವಾಗಿದ್ದರೆ, ಸುಂಕ ತಪ್ಪಿಸಲು ಜಪಾನಿನ ಗಾಡಿಗಳನ್ನು ಹಿಂದಿನ ತೊಟ್ಟಿಯಿಲ್ಲದೆ ತರಿಸಿ, ಅಮೆರಿಕದ ನೆಲದಲ್ಲಿ ಅದನ್ನು ಜೋಡಿಸಿ ಮಾರುವ ಗೋಜಿಗೆ ಯಾರು ಹೋಗುತ್ತಿದ್ದರು? 1980ರಲ್ಲಿ ಆ ಕಿಂಡಿಯೂ ಮುಚ್ಚಿತು.

ಎರಡನೇ ಏಟು ಇಂಧನ ಉಳಿತಾಯದ ಹೆಸರಿನಲ್ಲೇ ಬಿತ್ತು. 2011ರ ಮಾದರಿಗಳಿಂದ ಮೈಲೇಜಿನ ಗುರಿಯನ್ನು ನಾಲ್ಕು ಚಕ್ರಗಳ ನಡುವಿನ ಜಾಗದ ಅಳತೆಗೆ ಕಟ್ಟಿದರು. ಜಾಗ ಹಿಗ್ಗಿದಷ್ಟೂ ಗುರಿ ಸಡಿಲ. ಅದೇ ವರ್ಷದ ಕೊನೆಗೆ ಫೋರ್ಡ್ ತನ್ನ ಸಣ್ಣ ರೇಂಜರ್ ಅನ್ನು ಅಲ್ಲಿ ನಿಲ್ಲಿಸಿತು. 2019ರಲ್ಲಿ ಅದೇ ಹೆಸರು ಹೊತ್ತು ಬಂದದ್ದು ಇನ್ನೂ ದೊಡ್ಡ ಗಾಡಿ.

ದೊಡ್ಡ ಟ್ರಕ್ಕಿನಲ್ಲಿ ಲಾಭ ಹೆಚ್ಚು ಎಂಬುದು ನಿಜ. ಮೆಕ್ಸಿಕೊದಲ್ಲಿ ತಯಾರಿಸಿದ್ದರೆ ಸುಂಕ ತಪ್ಪುತ್ತಿತ್ತು ಎಂಬುದೂ ನಿಜ. ಆದರೆ ಹೊರಗಿನ ಪೈಪೋಟಿಯೇ ಇಲ್ಲದ ಕಡೆ ಕಡಿಮೆ ಲಾಭದ ಗಾಡಿಗೆ ಯಾವ ಕಂಪನಿ ಕೈಹಾಕೀತು? ಕೊನೆಗೆ 2021ರಲ್ಲಿ ಮೆಕ್ಸಿಕೊದಲ್ಲಿ ತಯಾರಾದ ಫೋರ್ಡ್‌ನ ಸಣ್ಣ ಪಿಕಪ್ ಮೇವರಿಕ್ ಬಂದಾಗ, ಬೇಡಿಕೆ ತಾಳಲಾರದೆ ಕಂಪನಿ ತಾನೇ ಬುಕಿಂಗ್ ನಿಲ್ಲಿಸಬೇಕಾಯಿತು. ಸಣ್ಣದು ಬೇಡ ಎಂದ ಗಿರಾಕಿ ಎಲ್ಲಿ ಹೋದ?

ಇನ್ನು ನಮ್ಮ ಬಡತನದ ಮಾತು. 2005ರಲ್ಲಿ ಟಾಟಾ ಏಸ್ ಬಂದಾಗ ಅದಕ್ಕಿಂತ ಅಗ್ಗದ ಮೂರು ಚಕ್ರದ ಗೂಡ್ಸ್ ಗಾಡಿಗಳು ಆಗಲೇ ಇದ್ದವು. ಜನ ಹೆಚ್ಚು ಹಣ ಕೊಟ್ಟೇ ನಾಲ್ಕು ಚಕ್ರಕ್ಕೆ ಏರಿದರು. ಅದಕ್ಕೆ ಕಾನೂನೂ ಇಂಬು ಕೊಟ್ಟಿತು: ಹಗಲು ಹೊತ್ತಿನಲ್ಲಿ ದೊಡ್ಡ ಲಾರಿಗಳನ್ನು ಒಳಗೆ ಬಿಡದ ನಗರಗಳಲ್ಲಿ ಸಣ್ಣ ಗಾಡಿಗೆ ಬಾಡಿಗೆ ಹುಟ್ಟಿತು. ಕಾರು ಓಡಿಸುವ ಲೈಸೆನ್ಸಿನಲ್ಲೇ 7,500 ಕೆ.ಜಿ.ಯೊಳಗಿನ ಸರಕು ವಾಹನ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು, 2024ರಲ್ಲಿ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಕಾರಿನ ಉದ್ದಕ್ಕೂ ಕಾನೂನೇ ಅಳತೆಗೋಲು: ನಾಲ್ಕು ಮೀಟರಿನೊಳಗಿದ್ದರೆ ತೆರಿಗೆ ಕಡಿಮೆ ಎಂದದ್ದೇ ತಡ, ಕಂಪನಿಗಳು ಡಿಕ್ಕಿ ಮೊಟಕು ಮಾಡಿದವು.

ಹೀಗಿರುವಾಗ ಎಲ್ಲವನ್ನೂ ಜನರ ಅಭಿರುಚಿಯ ತಲೆಗೆ ಕಟ್ಟಿದರೆ ಕಾನೂನು ಬರೆದವರು ಲೆಕ್ಕ ಕೊಡದೆ ಪಾರಾಗುತ್ತಾರೆ. ನಮ್ಮ ಕಾರುಗಳ ಇಂಧನ ನಿಯಮವೂ 2017ರಿಂದ ತೂಕ ಹೆಚ್ಚಿದಂತೆ ಗುರಿ ಸಡಿಲಿಸುತ್ತಿದೆ. ಅದೇ ಸೂತ್ರ ನಾಳೆ ಗೂಡ್ಸ್ ಗಾಡಿಗೂ ಬಂದರೆ, ಹಾವೇರಿ ಜಿಲ್ಲೆಯ ರೈತ ಹತ್ತು ಚೀಲ ಮೆಣಸಿನಕಾಯಿ ಸಾಗಿಸಲು ದೊಡ್ಡ ಗಾಡಿಯ ಬಾಡಿಗೆ ತೆರಬೇಕಾದೀತು. ಆಗಲೂ ಯಾರಾದರೂ ಬಂದು, ಜನರಿಗೆ ದೊಡ್ಡದೇ ಇಷ್ಟ ಎಂದು ವಿವರಿಸುತ್ತಾರೆ.